ಬಿಸಿನೆಲದ ಬಚ್ಚಲ ನೀರು

ಪೆಸಿಫಿಕ್ ಮಹಾಸಾಗರದ ನಡುವೆ ಇರುವ ಹವಾಯಿ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪದ ಹೆಸರೂ ಹವಾಯಿ ಎಂದೇ. ಅದರ ಪೂರ್ವದ ತುದಿಯಲ್ಲಿ ಪೂನಾ ಎಂಬ ಸೀಮೆಯಿದೆ. ನಮ್ಮ ಪುಣೆ ನಗರವನ್ನು ನೆನಪಿಗೆ ತರುವ ಈ ಹೆಸರಿಗೂ ಆ ನಗರಕ್ಕೂ ಯಾವ ಸಂಬಂಧವೂ ಇಲ್ಲ. ಕಿಲಾವೆಯಾ ಎಂಬ ಜ್ವಾಲಾಮುಖಿಯ ಬಿರುಕೊಂದು ಈ ಸೀಮೆಯ ಒಡಲನ್ನು ಸೀಳಿಕೊಂಡು ಸಮುದ್ರದವರೆಗೆ ಸಾಗುತ್ತದೆ. ಅಲ್ಲಿ ಮಳೆ ಧಾರಾಳವಾಗಿ ಸುರಿಯುವುದಾದರೂ ಹೊಳೆಗಳು ಇಲ್ಲವೆಂದೇ ಹೇಳಬೇಕು. ಬಿದ್ದ ನೀರೆಲ್ಲವೂ ಲಾವಾರಸ ಆರಿ ಉಂಟಾದ ರಂಧ್ರಮಯ ಶಿಲೆಯೊಳಗೆ ಇಳಿದುಹೋಗುತ್ತದೆ. ಹೀಗೆ ಇಳಿದ ನೀರಿನ ಒಂದು ಭಾಗವು ಭೂಗರ್ಭದ ಶಾಖದಿಂದ ಬೆಚ್ಚಗಾಗಿ ಕಡಲಂಚಿನಲ್ಲಿ ಬುಗ್ಗೆಗಳಾಗಿ ಹೊರಬೀಳುತ್ತದೆ. ಅಹಲನುಯಿ ಎಂಬಲ್ಲಿದ್ದ ಇಂತಹ ಕೊಳದ ನೀರು ಸುಮಾರು 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುತ್ತಿತ್ತು. ಮಕ್ಕಳು ಮುದುಕರೆನ್ನದೆ ಜನರು ಅದರಲ್ಲಿ ಮೀಯುತ್ತಿದ್ದರು.

ಇಂತಹ ತೀರದಲ್ಲಿ ಮನೆ ಕಟ್ಟಿದವನು ತನ್ನ ಬಚ್ಚಲು ಮತ್ತು ಪಾಯಿಖಾನೆಗಳ ನೀರನ್ನು ಎಲ್ಲಿಗೆ ಬಿಡಬೇಕು? ಊರೊಟ್ಟಿನ ಒಳಚರಂಡಿ ಅಲ್ಲಿಗೆ ತಲುಪಿಲ್ಲ. ಆದುದರಿಂದ ಪ್ರತಿಯೊಂದು ಮನೆಯೂ ತನ್ನ ಮಲಿನ ಜಲಕ್ಕೆ ತಾನೇ ದಾರಿ ಕಾಣಬೇಕಾಗಿದೆ. ಬಹುಕಾಲದವರೆಗೆ ಜನರು ಕಂಡುಕೊಂಡ ದಾರಿಯೆಂದರೆ ಮನೆಯ ಹಿಂದೆ ತೋಡಿದ ಒಂದು ಗುಂಡಿ. ಹವಾಯಿ ರಾಜ್ಯದಲ್ಲಿ ಇಂತಹ ಗುಂಡಿಗಳು 80,000ಕ್ಕೂ ಹೆಚ್ಚಾಗಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಅಧಿಕ ಭಾಗ ಈ ಒಂದೇ ದ್ವೀಪದಲ್ಲಿವೆ. 2016ರಲ್ಲಿ ಹೊಸ ಗುಂಡಿಗಳನ್ನು ಸರ್ಕಾರ ನಿಷೇಧಿಸಿತು. ಹಳೆಯವುಗಳನ್ನು 2050ರೊಳಗೆ ಬದಲಾಯಿಸತಕ್ಕದ್ದೆಂದು 2017ರಲ್ಲಿ ಶಾಸನ ಮಾಡಿತು. ಪೂನಾದ ಅನೇಕ ಮನೆಗಳವರು ಛಾವಣಿಯ ಮೇಲೆ ಬಿದ್ದ ಮಳೆನೀರನ್ನೇ ತೊಟ್ಟಿಯಲ್ಲಿ ಹಿಡಿದು ಬಳಸುತ್ತಾರೆ. ಅಂತರ್ಜಲ ಕೆಟ್ಟರೆ ಅದು ಕೆಡಿಸಿದವನ ಬಿಂದಿಗೆಗೆ ಬರುವುದಿಲ್ಲ. ಕೆಳಗಿನ ಕೊಳದಲ್ಲಿ ಮೀಯುವ ಮಗುವಿನ ಬಾಯಿಗೆ ಹೋಗುತ್ತದೆ. ಇಷ್ಟು ಕಾಲ ಈ ವಿಷಯವನ್ನು ಯಾರೂ ಅಷ್ಟಾಗಿ ಗಮನಿಸದೆ ಇದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಗುಂಡಿಯ ಬದಲು ಸೆಪ್ಟಿಕ್ ತೊಟ್ಟಿಯನ್ನು ಕಟ್ಟಿದರೆ ಸಾಲದೇ ಎಂದು ಕೇಳಬಹುದು. ತೊಟ್ಟಿಯು ಮಾಡುವ ಕೆಲಸ ಅರ್ಧ ಮಾತ್ರ. ಅದರಲ್ಲಿ ಭಾರವಾದ ಕಲ್ಮಷ ತಳಕ್ಕೆ ಇಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ನೋಡಲು ತಿಳಿಯಾಗಿದ್ದರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ನಿಜವಾಗಿ ಶುದ್ಧಿಗೊಳಿಸುವುದು ಮಣ್ಣು. ಮಣ್ಣಿನ ಕಣಕಣಗಳ ನಡುವೆ ಗಾಳಿಯಿರುತ್ತದೆ. ಆ ಗಾಳಿಯನ್ನು ಉಸಿರಾಡುವ ಅಸಂಖ್ಯಾತ ಸೂಕ್ಷ್ಮಜೀವಿಗಳಿರುತ್ತವೆ. ನೀರು ಮೆಲ್ಲಮೆಲ್ಲನೆ ಜಿನುಗಿ ಹೋಗುವಾಗ ಅವು ಕಲ್ಮಷವನ್ನು ಆಹಾರವಾಗಿ ತಿಂದು ಮುಗಿಸುತ್ತವೆ. ರೋಗಾಣುಗಳು ಕಣಗಳಿಗೆ ಅಂಟಿಕೊಂಡು ಅಲ್ಲಿಯೇ ಸಾಯುತ್ತವೆ. ಇದಕ್ಕೆಲ್ಲ ಕಾಲ ಬೇಕು. ಪೂನಾದ ನೆಲದಲ್ಲಿ ದೊರೆಯದಿರುವುದು ಈ ಕಾಲವೇ.

ಸಾಮಾನ್ಯವಾಗಿ ಎಂಜಿನಿಯರನು ಒಂದು ಗುಂಡಿ ತೋಡಿ, ನೀರು ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದು ಅಳೆಯುತ್ತಾನೆ. ನೀರು ಬೇಗ ಇಂಗಿದರೆ ನೆಲ ಒಳ್ಳೆಯದೆಂದು ಮನೆಯವರು ಸಂತೋಷಪಡುತ್ತಾರೆ. ಲಾವಾ ಶಿಲೆಯಲ್ಲಿ ನೀರು ನೋಡನೋಡುತ್ತಿದ್ದಂತೆ ಮಾಯವಾಗುತ್ತದೆ. ಆದರೆ ಅದು ಸೋಸಿ ಹೋದುದಲ್ಲ, ಬಿರುಕಿನಲ್ಲಿ ಬಿದ್ದುಹೋದುದು. ಇದರ ಜೊತೆಗೆ ತೀರದಲ್ಲಿ ಅಂತರ್ಜಲವು ಬಹಳ ಮೇಲೆಯೇ ಇರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲುತ್ತಿರುತ್ತದೆ. ಭರತ ಬಂದಾಗ ಏರುತ್ತದೆ, ಇಳಿತದಲ್ಲಿ ತಗ್ಗುತ್ತದೆ. ಬೆಳಿಗ್ಗೆ ಒಣಗಿದ್ದ ಗುಂಡಿಯ ತಳದಲ್ಲಿ ಸಂಜೆ ನೀರು ನಿಂತಿರಬಹುದು. ಆದಕಾರಣ ಭರತದ ತುದಿಯಲ್ಲಿ ನೀರು ಎಲ್ಲಿಯವರೆಗೆ ಬರುವುದೋ ಅದನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಬೇಕು.

ಇನ್ನು ಶಾಖದ ಮಾತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡರೆ, 40 ಡಿಗ್ರಿಯಲ್ಲಿ ಸುಮಾರು ಆರೂವರೆಯನ್ನು ಮಾತ್ರ ಹಿಡಿಯುತ್ತದೆ. ಸೂಕ್ಷ್ಮಜೀವಿಗಳಾದರೋ ಬೆಚ್ಚಗಾದಂತೆ ಹೆಚ್ಚು ಚುರುಕಾಗಿ ಹೆಚ್ಚು ಉಸಿರನ್ನು ಬೇಡುತ್ತವೆ. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುತ್ತದೆ. ತೊಟ್ಟಿಯೊಳಗೆ ಅನಿಲವು ಬೇಗ ಹುಟ್ಟಿ, ತಳದ ಕೆಸರನ್ನು ಕಲಕಿ ನೀರಿನೊಡನೆ ಹೊರಗೆ ಸಾಗಿಸುವುದುಂಟು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ತೇವವಾದ ಕಾಂಕ್ರೀಟಿನ ಮೇಲೆ ಬ್ಯಾಕ್ಟೀರಿಯಗಳ ದೆಸೆಯಿಂದ ಗಂಧಕಾಮ್ಲವಾಗಿ ಮಾರ್ಪಟ್ಟು ತೊಟ್ಟಿಯ ಮುಚ್ಚಳವನ್ನೇ ತಿನ್ನತೊಡಗುತ್ತದೆ. ಪಿ.ವಿ.ಸಿ. ಕೊಳವೆಗಳು 60 ಡಿಗ್ರಿಯ ಹತ್ತಿರ ಮೆತ್ತಗಾಗಿ ಬಾಗುತ್ತವೆ.

ಆದುದರಿಂದ ಇಲ್ಲಿ ನೆಲದಲ್ಲಿ ಇಲ್ಲದುದನ್ನು ಹೊರಗಿನಿಂದ ತಂದು ಕೊಡಬೇಕಾಗುತ್ತದೆ. ಶಿಲೆಯ ಮೇಲೆ ಗಟ್ಟಿ ಬಟ್ಟೆಯಂತಹ ಹಾಸನ್ನು ಹಾಸಿ, ಅದರ ಮೇಲೆ ಎರಡು ಅಡಿಗೆ ಕಡಿಮೆಯಿಲ್ಲದಂತೆ ತೊಳೆದ ಮರಳಿನ ದಿಬ್ಬವನ್ನು ಎಬ್ಬಿಸುತ್ತಾರೆ. ಹಾಸಿಲ್ಲದಿದ್ದರೆ ಮರಳೇ ಬಿರುಕುಗಳಲ್ಲಿ ಇಳಿದುಹೋದೀತು. ತೊಟ್ಟಿಯ ನೀರನ್ನು ಒಮ್ಮೆಲೇ ಸುರಿಯದೆ, ಪಂಪಿನಿಂದ ದಿನದಲ್ಲಿ ಹಲವು ಸಲ ಸ್ವಲ್ಪಸ್ವಲ್ಪವಾಗಿ ದಿಬ್ಬದ ಮೇಲೆ ಹರಡುತ್ತಾರೆ. ನಡುನಡುವೆ ಮರಳು ಉಸಿರಾಡಿಕೊಳ್ಳುತ್ತದೆ. ತೊಟ್ಟಿಯನ್ನು ನೆಲಕ್ಕೆ ಬಿಗಿಯುವುದನ್ನೂ ಮರೆಯುವಂತಿಲ್ಲ. ಕೆಸರು ತೆಗೆಯಲೆಂದು ಬರಿದು ಮಾಡಿದ ದಿನವೇ ಅಂತರ್ಜಲ ಏರಿದರೆ ಅದು ದೋಣಿಯಂತೆ ತೇಲಿ ಮೇಲೆ ಬರುತ್ತದೆ.

ಮರಳಿನ ದಿಬ್ಬಕ್ಕೂ ದಕ್ಕದ ಒಂದು ವಸ್ತುವಿದೆ, ಅದು ಸಾರಜನಕ. ಗಾಳಿಯಾಡುವ ಮರಳಿನಲ್ಲಿ ಅದು ನೈಟ್ರೇಟ್ ಆಗಿ ಕರಗಿ ಕಡಲನ್ನು ಸೇರಿ, ಹವಳದ ಬಂಡೆಗಳ ಮೇಲೆ ಪಾಚಿಯನ್ನು ಬೆಳೆಸುತ್ತದೆ. ಗಾಳಿಯಿಲ್ಲದ ಮರದ ಚೂರುಗಳ ಪಾತಿಯ ಮೂಲಕ ಆ ನೀರನ್ನು ಹಾಯಿಸಿದರೆ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಕೊನೆಗೆ ನೇರಳಾತೀತ ಕಿರಣಗಳಿಂದ ಉಳಿದ ರೋಗಾಣುಗಳನ್ನು ಕೊಲ್ಲುವ ದೀಪಗಳೂ ಇವೆ. ಆದರೆ ದೀಪಕ್ಕೆ ವಿದ್ಯುತ್ತು ಬೇಕು, ಅದರ ಗಾಜನ್ನು ಒರೆಸುವ ಕೈ ಬೇಕು. ವರ್ಷದಲ್ಲಿ ಹಲವು ತಿಂಗಳು ಬೀಗ ಹಾಕಿರುವ ಕಡಲತೀರದ ಮನೆಗೆ ನಾಜೂಕಾದ ಯಂತ್ರಕ್ಕಿಂತ ದಪ್ಪನೆಯ ಮರಳಿನ ದಿಬ್ಬವೇ ಮೇಲು.

2018ರ ಮೇ ತಿಂಗಳಲ್ಲಿ ಪೂನಾದ ನೆಲ ಬಿರಿದು ಲಾವಾರಸ ಹರಿಯಿತು. 700ಕ್ಕೂ ಹೆಚ್ಚು ಮನೆಗಳು ನಾಶವಾದವು. ಕಪೋಹೊ ಕೊಲ್ಲಿ ತುಂಬಿಹೋಯಿತು. ಜುಲೈನಲ್ಲಿ ಅಹಲನುಯಿಯ ಕೊಳವೂ ಶಿಲೆಯಡಿ ಮುಚ್ಚಿತು. ಪೊಹೊಯಿಕಿಯಲ್ಲಿ ಕರಿಮರಳಿನ ಹೊಸ ದಂಡೆಯೂ, ಅದರ ಹಿಂದೆ ಬೆಚ್ಚನೆಯ ಹೊಸ ಕೊಳಗಳೂ ಉಂಟಾದವು. ಜನರು ಅವುಗಳಲ್ಲಿ ಮೀಯತೊಡಗಿದರು. 2019ರಲ್ಲಿ ಆರಿದ ಲಾವಾದ ಮೇಲೆಯೇ ಹೆದ್ದಾರಿಯನ್ನು ಮತ್ತೆ ಕಡಿದಾಗ ಶಿಲೆಯ ಒಳಭಾಗ ಇನ್ನೂ ಕಾದಿತ್ತು. ಅಂತಹ ನೆಲದಲ್ಲಿ ಮರಳಿ ಮನೆ ಕಟ್ಟುವವರು ದಿಬ್ಬದ ಮರಳನ್ನೆಲ್ಲ ಲಾರಿಯಲ್ಲಿ ತರಿಸಬೇಕು. ಕೊಳವೆಯನ್ನು ಕೊಳ್ಳುವ ಮೊದಲು ಗುಂಡಿಯೊಳಗೆ ಉಷ್ಣಮಾಪಕವನ್ನು ಇಳಿಬಿಟ್ಟು ನೋಡಬೇಕು.