ಬಾಗಿಲಿಗೆ ಬಂದ ಸೆಂಟು

ನಮ್ಮ ಬಾಗಿಲಿಗೆ ಬಳೆಗಾರ ಬರುತ್ತಾನೆ. ಸೀರೆ ಮಾರುವವರೂ ಬರುತ್ತಾರೆ. ಅಂಗಡಿ ಇಡದೆ ಮನೆ ಮನೆಗೆ ಹೋಗಿ ಮಾರುವ ಕಂಪನಿಗಳೂ ಇವೆ. ಇದಕ್ಕೆ ‘ನೇರ ಮಾರಾಟ’ ಅನ್ನುತ್ತಾರೆ. ಹೀಗೆ ಸೆಂಟು ಮಾರಿ ಬೆಳೆದ ಒಂದು ಕಂಪನಿಯ ಕತೆ ಓದೋಣ.

ಅಮೆರಿಕ ದೇಶದಲ್ಲಿ ಡೇವಿಡ್ ಮೆಕಾನೆಲ್ ಎಂಬವರಿದ್ದರು. ಮನೆ ಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದರು. ಜೊತೆಗೆ ಒಂದು ಪುಟ್ಟ ಸೀಸೆ ಸೆಂಟು ಪುಕ್ಕಟೆ ಕೊಡುತ್ತಿದ್ದರು. ಹೆಂಗಸರು ಪುಸ್ತಕಕ್ಕಿಂತ ಸೆಂಟನ್ನೇ ಮೆಚ್ಚಿದರು. 1886ರಲ್ಲಿ ಅವರು ಸೆಂಟಿನ ಕಂಪನಿಯನ್ನೇ ತೆರೆದರು.

ಮಾರಲು ಮೊದಲು ಹೊರಟವರು ಆಲ್ಬೀ ಎಂಬ ಹೆಂಗಸು. ಅವರು ಬೇರೆ ಹೆಂಗಸರಿಗೂ ಈ ಕೆಲಸ ಕಲಿಸಿದರು. ಆ ದೇಶದ ತುಂಬ ಹೆಂಗಸರಿಗೆ ಓಟಿನ ಹಕ್ಕು ಬಂದದ್ದು 1920ರಲ್ಲಿ. ಅದಕ್ಕೂ ಮೊದಲೇ ಇವರು ಸ್ವಂತ ದುಡ್ಡು ದುಡಿದರು! 1939ರಲ್ಲಿ ಕಂಪನಿಗೆ ‘ಏವನ್’ ಎಂದು ಹೆಸರಾಯಿತು. ಹಲವು ದೇಶಗಳಲ್ಲಿ ಲಕ್ಷಾಂತರ ಹೆಂಗಸರು ಅದರ ಸಾಮಾನು ಮಾರಿದರು.

ಹೆಸರು ದೊಡ್ಡದಾಯಿತು. ತಪ್ಪೂ ನಡೆಯಿತು. ಚೀನಾ ದೇಶದಲ್ಲಿ ನೇರ ಮಾರಾಟಕ್ಕೆ ಲೈಸೆನ್ಸ್ ಬೇಕಿತ್ತು. ಅದಕ್ಕಾಗಿ ಕಂಪನಿಯವರು ಅಲ್ಲಿನ ಅಧಿಕಾರಿಗಳಿಗೆ ದುಡ್ಡು, ಉಡುಗೊರೆ ಕೊಟ್ಟರು. ಪ್ರವಾಸ ಮಾಡಿಸಿದರು. ಲೆಕ್ಕದ ಪುಸ್ತಕದಲ್ಲಿ ಆ ಖರ್ಚನ್ನು ಬೇರೆ ಹೆಸರಿನಲ್ಲಿ ಬರೆದರು.

ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೇ ಉಳಿಯಲಿಲ್ಲ. 2008ರಲ್ಲಿ ಕಂಪನಿಯ ನೌಕರರೊಬ್ಬರು ಮುಖ್ಯಸ್ಥರಿಗೆ ಒಂದು ಕಾಗದ ಬರೆದರು. ವಿಚಾರಣೆ ಶುರುವಾಯಿತು. 2014ರಲ್ಲಿ ಚೀನಾದ ಏವನ್ ಕಂಪನಿ ಅಮೆರಿಕದ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿತು. ಏವನ್ ಒಟ್ಟು 13 ಕೋಟಿ 50 ಲಕ್ಷ ಡಾಲರ್ ಕಟ್ಟಬೇಕಾಯಿತು. ನೋಡಿ, ಸುಳ್ಳು ಲೆಕ್ಕವೂ ಬರಹವೇ. ಅದನ್ನು ಬಯಲು ಮಾಡಿದ ಕಾಗದವೂ ಬರಹವೇ!

ಆಮೇಲೆ ಇನ್ನೊಂದು ತೊಂದರೆ ಬಂತು. ಏವನ್ ಪೌಡರಿನಲ್ಲಿ ಕಲ್ನಾರು ಇತ್ತು, ಅದರಿಂದ ಕ್ಯಾನ್ಸರ್ ಬಂತು ಎಂದು ನೂರಾರು ಜನ ಕೇಸು ಹಾಕಿದರು. ಕಂಪನಿ ಇದನ್ನು ಒಪ್ಪಲಿಲ್ಲ. 2024ರಲ್ಲಿ ಅಮೆರಿಕದ ಏವನ್ ಕಂಪನಿ, ಸಾಲ ತೀರಿಸಲು ಆಗುವುದಿಲ್ಲ ಎಂದು ಕೋರ್ಟಿನ ಮೊರೆ ಹೋಯಿತು.

ಹಾಗಾದರೆ ನಾವೇನು ಮಾಡಬೇಕು? ನಮ್ಮ ದೇಶದಲ್ಲೂ 2021ರಲ್ಲಿ ನೇರ ಮಾರಾಟಕ್ಕೆ ನಿಯಮ ಬಂದಿದೆ. ಮಾರುವವರು ಗುರುತಿನ ಚೀಟಿ ತರಬೇಕು. ನಾವು ಒಪ್ಪಿದರೆ ಮಾತ್ರ ಮನೆಗೆ ಬರಬೇಕು. ‘ದುಡ್ಡು ಕಟ್ಟಿ ಸೇರಿರಿ, ಇನ್ನಷ್ಟು ಜನರನ್ನು ಸೇರಿಸಿರಿ, ಅವರ ದುಡ್ಡಿನಲ್ಲಿ ನಿಮಗೂ ಪಾಲು’ ಎನ್ನುವ ಸರಪಳಿ ವ್ಯಾಪಾರ ಕಾನೂನಿಗೆ ವಿರುದ್ಧ.

ಮಾರುವಾಕೆ ನಮ್ಮ ಪಕ್ಕದ ಮನೆಯ ಅಕ್ಕನೇ ಇರಬಹುದು. ಆಕೆಯ ಮೇಲೆ ನಂಬಿಕೆ ಇರಲಿ. ಆದರೂ ಬಿಲ್ಲು ಕೇಳಿರಿ. ಡಬ್ಬಿಯ ಮೇಲಿನ ಬೆಲೆ, ತಾರೀಕು ಓದಿರಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿರಿ. ಈಗ ನಮಗೆ ಓದಲು ಬರುತ್ತದೆ. ಓದದೆ ಸಹಿ ಹಾಕುವುದು ಬೇಡ.

ಮಾತಾಡೋಣ:
1. ಕಂಪನಿಯ ತಪ್ಪು ಹೇಗೆ ಹೊರಬಂತು?
2. ನಿಮ್ಮ ಮನೆಗೆ ಮಾರಲು ಬಂದವರನ್ನು ನೀವು ಏನೇನು ಕೇಳುತ್ತೀರಿ?