ಬೋಳು ಬಿದ್ದ ಹುಲ್ಲುನೆಲ: ಬೀಜಕ್ಕಿಂತ ಮೊದಲು ಬೇಲಿ

ಹಿಂಗಾರು ಬಿತ್ತನೆ ಮುಗಿದು ಕೈ ಸ್ವಲ್ಪ ಬಿಡುವಾದ ಹೊತ್ತಿಗೆ ಮಡ್ಡಿ, ಬದು, ಊರ ಗಾಯರಾಣದ ಕಡೆ ಒಂದು ಸುತ್ತು ಹಾಕಿ ನೋಡಿ. ಒಂದು ಕಡೆ ಹುಲ್ಲು ಮೊಣಕಾಲುದ್ದ ನಿಂತಿರುತ್ತದೆ, ಹತ್ತು ಹೆಜ್ಜೆ ಆಚೆ ನೆಲ ಬೋಳು. ಹಾಗೇ ಬಿಟ್ಟರೆ ಆ ಬೋಳು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ, ಅಲ್ಲಿ ಮೊದಲು ಕಾಲೂರುವುದು ಕಾಂಗ್ರೆಸ್ ಕಸ. ಬಹಳ ರೈತರು ಮಿರಗದ ಮಳೆಗೆ ಒಂದಿಷ್ಟು ಹುಲ್ಲಿನ ಬೀಜ ತಂದು ಎರಚುತ್ತಾರೆ, ಎರಡು ತಿಂಗಳು ಕಾಯುತ್ತಾರೆ, ಏನೂ ಬರದಿದ್ದರೆ ಬೀಜವನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಬೀಜದ್ದಲ್ಲ. ಹಳೆಯ ಹುಲ್ಲನ್ನು ಕೊಂದ ಕಾರಣ ಅಲ್ಲೇ ಉಳಿದಿರುತ್ತದೆ, ಮೊಳೆತ ನಾಲ್ಕು ಸಸಿಗಳ ಮೇಲೂ ದನ ನಡೆದಿರುತ್ತದೆ.

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರಿಗೂ ಗೌಳಿಗರಿಗೂ ಇದು ಹೊಟ್ಟೆಪಾಡಿನ ಮಾತು. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಅಧಿಕೃತ ತಳಿಯೆಂಬ ಮಾನ್ಯತೆ ಸಿಕ್ಕಿತು. ಹೊರಗೆ ಮೇಯಿಸಿಯೇ ಸಾಕುವ ತಳಿ ಅದು. ಪೇಡೆಯ ಹಾಲಿನ ಹಿಂದೆ ಈ ಮಡ್ಡಿಯ ಹುಲ್ಲಿದೆ. ಊರು ಬೆಳೆದಂತೆ ಮೇಯುವ ನೆಲ ಕಿರಿದಾಗುತ್ತಿದೆ. ಉಳಿದಿರುವುದರಲ್ಲೂ ಕಾಲು ಭಾಗ ಬೋಳಾದರೆ ಕಣಿಕೆಯ ಬಣಿವೆ ಬೇಸಿಗೆಗೆ ಮುಂಚೆಯೇ ಖಾಲಿ.

ಮೊದಲು ಆ ಜಾಗದಲ್ಲಿ ಕುಳಿತು ನೆಲ ಕೆದಕಿ ನೋಡಬೇಕು. ಗಾಯರಾಣದ ಬಾಯಿ, ನೀರಿನ ದೋಣಿಯ ಸುತ್ತ, ದನ ಮಧ್ಯಾಹ್ನ ಮಲಗುವ ಮರದ ಬುಡ, ಇಲ್ಲೆಲ್ಲ ಗೊರಸಿನ ತುಳಿತಕ್ಕೆ ಮಣ್ಣು ಬಿಗಿದುಕೊಂಡಿರುತ್ತದೆ. ಕುರ್ಚಿಗಿ ಎರಡು ಬೆರಳು ಇಳಿಯದಿದ್ದರೆ ಕಾರಣ ಅದೇ. ಅಂಥಲ್ಲಿ ಮಳೆನೀರು ಇಂಗುವುದಿಲ್ಲ, ಹರಿದುಹೋಗುವಾಗ ಬೀಜವನ್ನೂ ಒಯ್ಯುತ್ತದೆ. ನವಲಗುಂದ ಕಡೆ ಮಲಪ್ರಭಾ ಕಾಲುವೆಯ ನೀರು ಹರಿಯುವ ತಗ್ಗು ಎರಿಯಲ್ಲಿ ಇನ್ನೊಂದು ಕಾರಣವಿದೆ. ಒಣಗಿದಾಗ ಮೇಲೆ ಬೆಳ್ಳಗೆ ಪೊರೆ ಕಟ್ಟಿದರೆ ಅದು ಸವಳು. ನೀರು ಬಸಿದುಹೋಗಲು ದಾರಿ ಮಾಡದೆ ಅಲ್ಲಿ ಯಾವ ಬೀಜ ಹಾಕಿದರೂ ದಂಡ.

ಹೆಚ್ಚಿನವರು ಗುರುತಿಸದ ಕಾರಣ ಗೊಣ್ಣೆ ಹುಳು. ಸುತ್ತ ಹಸಿರಿದ್ದು ಆಗಸ್ಟ್, ಸೆಪ್ಟೆಂಬರಿನಲ್ಲಿ, ನೆಲ ಹಸಿಯಿರುವಾಗಲೇ, ನಡುವೆ ಹುಲ್ಲು ಹಳದಿಗೆ ತಿರುಗಿದರೆ ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಬೇರು ಗಟ್ಟಿಯಿದ್ದರೆ ಹುಲ್ಲು ಹರಿದು ಕೈಗೆ ಬರುತ್ತದೆ. ಗೊಣ್ಣೆ ಬೇರು ತಿಂದಿದ್ದರೆ ಹುಲ್ಲು ಬುಡಸಮೇತ ಚಾಪೆಯಂತೆ ಎದ್ದು ಬರುತ್ತದೆ. ಅದರ ಕೆಳಗೆ ನಾಲ್ಕು ಬೆರಳು ಮಣ್ಣು ತೆಗೆದರೆ ಬಿಳಿ ಮೈ, ಕಂದು ತಲೆಯ ಹುಳು ಮುದುರಿ ಮಲಗಿರುತ್ತದೆ. ಇದರ ದುಂಬಿ ಏಪ್ರಿಲ್, ಮೇ ತಿಂಗಳ ಮೊದಲ ಅಡ್ಡಮಳೆ ಬಿದ್ದ ಸಂಜೆ ನೆಲದಿಂದೆದ್ದು ಬೇವು, ಬಾರಿ, ಜಾಲಿ ಗಿಡಗಳ ಮೇಲೆ ಕೂರುತ್ತದೆ. ಆ ಸಂಜೆಗಳಲ್ಲಿ ಟೊಂಗೆ ಅಲುಗಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ. ಒಬ್ಬರೇ ಮಾಡಿದರೆ ಫಲ ಕಡಿಮೆ, ಓಣಿಯವರೆಲ್ಲ ಸೇರಬೇಕು. ಉಳಿದ ಹುಳುವಿಗೆ ಮೆಟರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ಮಣ್ಣು ಹಸಿಯಿರುವಾಗ ಹಾಕಬಹುದು.

ಕಾರಣ ತಿಳಿದ ಮೇಲೆ ಹುಲ್ಲಿನ ಆಯ್ಕೆ. ನಮ್ಮ ಜಿಲ್ಲೆಯ ನೆಲ ಒಂದೇ ತರಹದ್ದಲ್ಲ. ಕಲಘಟಗಿ, ಅಳ್ನಾವರ ಕಡೆ ಮಲೆನಾಡಿನ ಸೆರಗು, ಮಳೆ ಹೆಚ್ಚು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದತ್ತ ಹೋದಂತೆ ಮಳೆ ಇಳಿಯುತ್ತದೆ, ನೆಲ ಎರಿಯಾಗುತ್ತದೆ. ನೀರು ಬಸಿಯುವ ಮಸಾರಿ, ಮಡ್ಡಿಗೆ ಅಂಜನ್ ಹುಲ್ಲು ಒಳ್ಳೆಯದು. ಅದು ಬರ ತಡೆಯುತ್ತದೆ, ಒಮ್ಮೆ ಬೇರೂರಿದರೆ ಹಲವು ವರ್ಷ ಇರುತ್ತದೆ. ಆದರೆ ಅದಕ್ಕೆ ನೀರು ನಿಲ್ಲಬಾರದು, ಎರಿಯ ತಗ್ಗಿಗೆ ಅಂಜನ್ ಹಾಕುವವರು ದುಡ್ಡು ಕಳೆದುಕೊಳ್ಳುತ್ತಾರೆ. ಎರಿಗೆ ಮಾರ್ವೆಲ್ ಹುಲ್ಲು ಸರಿ, ಸವಳಿನ ಜಾಗಕ್ಕೆ ಉಪ್ಪು ತಾಳುವ ರೋಡ್ಸ್ ಹುಲ್ಲು. ಮಾವಿನ ತೋಟದ ಅರೆನೆರಳಿಗೆ, ಮಳೆ ಹೆಚ್ಚಿರುವ ಪಶ್ಚಿಮದ ಭಾಗಕ್ಕೆ ಗಿನಿ ಹುಲ್ಲು. ಅದನ್ನು ಬೀಜಕ್ಕಿಂತ ಬೇರುಸಸಿ ಹಚ್ಚಿ ಬೆಳೆಸುವುದು ಖಾತ್ರಿಯ ದಾರಿ. ಮಸಾರಿಯಲ್ಲಿ ಹುಲ್ಲಿನ ಜೊತೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಸೇರಿಸಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುತ್ತದೆ, ಹುಲ್ಲು ಒಣಗಿ ಸಪ್ಪೆಯಾಗುವ ಕಾಲಕ್ಕೂ ಅದರ ಎಲೆಯಲ್ಲಿ ಸತ್ವ ಉಳಿದಿರುತ್ತದೆ.

ಕರಕಿಯ ಬಗ್ಗೆ ಒಂದು ಎಚ್ಚರಿಕೆ. ಮನೆ ಮುಂದಿನ ಹುಲ್ಲುಹಾಸು ಬೋಳಾಗಿದ್ದರೆ ಕರಕಿಯ ಬಳ್ಳಿ ಕತ್ತರಿಸಿ ಗೇಣು ಗೇಣಿಗೆ ಊರಿ, ಮಳೆಗಾಲದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಹೊಲದ ಬದುವಿಗೆ ಮಾತ್ರ ಬೇಡ. ಎರಿಯಲ್ಲಿ ಅದು ಬದು ದಾಟಿ ಬೆಳೆಯೊಳಗೆ ನುಗ್ಗಿತೆಂದರೆ ಕಿತ್ತು ಮುಗಿಸುವ ಮಾತೇ ಇಲ್ಲ.

ಬೀಜ ತಂದ ದಿನವೇ ಬಿತ್ತಬೇಡಿ, ಮೊದಲು ಪರೀಕ್ಷಿಸಿ. ಅಂಜನ್ ಬೀಜವೆಂದು ನಮ್ಮ ಕೈಗೆ ಬರುವುದು ಮೃದುವಾದ ಕೂದಲುಳ್ಳ ಹಗುರ ಹೊಟ್ಟು. ಅದರೊಳಗೆ ಕಾಳು ಇರಬಹುದು, ಇಲ್ಲದಿರಲೂಬಹುದು. ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಊದಿ, ಕೂದಲು ಹಾರಿ ಕಂದು ಬಣ್ಣದ ಸಣ್ಣ ಕಾಳು ಉಳಿಯಬೇಕು. ಉಳಿದಿದ್ದು ತೀರ ಕಡಿಮೆಯಾದರೆ ಬಿತ್ತುವ ಪ್ರಮಾಣ ಹೆಚ್ಚಿಸಿ, ಇಲ್ಲವೇ ಬೀಜ ಬದಲಿಸಿ. ಜೊತೆಗೆ 100 ಬೀಜ ಎಣಿಸಿ ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ಎಂದು ನೋಡಿ. ಆಗಷ್ಟೇ ಕೊಯ್ದ ಅಂಜನ್ ಬೀಜ ಸುಪ್ತಾವಸ್ಥೆಯಲ್ಲಿರುವುದರಿಂದ ಸರಿಯಾಗಿ ಮೊಳೆಯುವುದಿಲ್ಲ. ಕೊಯ್ದು ಆರು ತಿಂಗಳಾದರೂ ಕಳೆದಿರಬೇಕು. ಸ್ಟೈಲೋ ಬೀಜದ ತೊಂದರೆ ಬೇರೆ, ಅದರ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಮೂರು ಚೊಂಬು ಕುದಿಯುವ ನೀರಿಗೆ ಒಂದು ಚೊಂಬು ತಣ್ಣೀರು ಸೇರಿಸಿದರೆ ಸುಮಾರು 80 ಡಿಗ್ರಿ ಬಿಸಿ ಸಿಗುತ್ತದೆ. ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಅದರಲ್ಲಿ 4 ನಿಮಿಷ ಅದ್ದಿ, ತೆಗೆದು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಆರಿಸಿ ಬಿತ್ತಿ.

ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: 1962ರಲ್ಲಿ ಝಾನ್ಸಿಯಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರ ನಮ್ಮ ಧಾರವಾಡದಲ್ಲೇ ಇದೆ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಮೇವಿನ ಬೆಳೆಗಳ ತಾಕುಗಳನ್ನು ತಪ್ಪದೆ ನೋಡಿ, ಯಾವ ಹುಲ್ಲು ಹೇಗೆ ನಿಲ್ಲುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನೆಲದ ತಯಾರಿ ಅಡ್ಡಮಳೆಯ ಹದಕ್ಕೆ ಆಗಬೇಕು. ಬೋಳು ಜಾಗವನ್ನಷ್ಟೇ ನಾಲ್ಕು ಬೆರಳು ಆಳ ಅಗೆದು ಸಡಿಲಿಸಿ, ಸುತ್ತಲಿನ ಒಳ್ಳೆಯ ಹುಲ್ಲನ್ನು ಮುಟ್ಟಬೇಡಿ. ಇಳಿಜಾರಿದ್ದರೆ ಅದಕ್ಕೆ ಅಡ್ಡಲಾಗಿ ಸಣ್ಣ ಸಾಲು ತೆಗೆಯಿರಿ. ಗುಂಟೆಗೆ ಎಂಟ್ಹತ್ತು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಕಾಂಗ್ರೆಸ್ ಕಸ ಎದ್ದಿದ್ದರೆ ಹೂ ಬಿಡುವ ಮೊದಲೇ ಕೈಗೆ ಚೀಲ ಹಾಕಿಕೊಂಡು ಬೇರುಸಮೇತ ಕೀಳಿ.

ಮಿರಗ ಸರಿಯಾಗಿ ಹಿಡಿದ ಮೇಲೆ, ಅಂದರೆ ಜೂನ್ ಎರಡನೇ ವಾರದಿಂದ ಆರಿದ್ರಾ ಮಳೆಯ ತನಕ ಬಿತ್ತನೆಗೆ ಒಳ್ಳೆಯ ಕಾಲ. ಅಂಜನ್ ಬೀಜ ಎಕರೆಗೆ ಸುಮಾರು 2 ಕಿಲೋ, ಅಂದರೆ ಗುಂಟೆಗೆ 50 ಗ್ರಾಂ. ಸ್ಟೈಲೋ ಸೇರಿಸುವುದಾದರೆ ಎರಡನ್ನೂ ಅರ್ಧರ್ಧ ಹಾಕಿ. ಬೀಜ ಗಾಳಿಗೆ ಹಾರುವುದರಿಂದ ಹಸಿ ಮಣ್ಣು, ಸೆಗಣಿ, ಸ್ವಲ್ಪ ಮರಳು ಕಲಸಿ ಕಡಲೆಕಾಳಿನ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿಟ್ಟುಕೊಳ್ಳುವುದು ಮೇಲು, ಪ್ರತಿ ಉಂಡೆಯಲ್ಲಿ ಎರಡು ಮೂರು ಬೀಜ ಸಾಕು. ಸಾಲಿನಲ್ಲಿ ಹಾಕಿ, ತೆಳ್ಳಗೆ ಮಣ್ಣು ಸರಿಸಿ. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋದ ಹುಲ್ಲಿನ ಬೀಜ ಮೇಲೆ ಬರುವುದು ಕಷ್ಟ. ಕೂರಿಗಿಯಿಂದ ಬಿತ್ತಿದವರ ಶ್ರಮ ವ್ಯರ್ಥವಾಗುವುದು ಇಲ್ಲೇ.

ಬಿತ್ತಿದ ದಿನವೇ ಬೇಲಿ. ಜಾಲಿಯ ಮುಳ್ಳುಕಂಟಿ ಕಡಿದು ಸುತ್ತ ಹಾಕಿ, ಒಂದಿಷ್ಟನ್ನು ಬಿತ್ತಿದ ಜಾಗದ ಮೇಲೂ ತೆಳ್ಳಗೆ ಹರಡಿ. ದನ ಬರುವುದಿಲ್ಲ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಸಸಿಗೆ ಸ್ವಲ್ಪ ನೆರಳೂ ಸಿಗುತ್ತದೆ. ಮೊದಲ ವರ್ಷದ ಹುಲ್ಲಿನ ಸಸಿಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಬೇರುಸಮೇತ ಬಂದುಬಿಡುತ್ತದೆ. ಎಮ್ಮೆ ನಾಲಿಗೆ ಸುತ್ತಿ ಎಳೆದಾಗ ಆಗುವುದೂ ಅದೇ. ಆದ್ದರಿಂದ ಆ ಇಡೀ ಮಳೆಗಾಲ ಅಲ್ಲಿ ಮೇಯಿಸುವಂತಿಲ್ಲ. ಸ್ವಂತ ಮಡ್ಡಿಯಲ್ಲಿ ಇದು ಸುಲಭ. ಗಾಯರಾಣದಲ್ಲಿ ಊರವರು, ಗೌಳಿಗರು, ಕುರಿಯವರು ಕೂಡಿ ಮಾತಾಡಿ ವರ್ಷಕ್ಕೊಂದು ತುಂಡು ಮುಚ್ಚುವುದು ಮಾತ್ರ ನಡೆಯುತ್ತದೆ. ಪೂರ್ತಿ ಮುಚ್ಚಿದರೆ ಬೇಲಿ ಎರಡೇ ವಾರದಲ್ಲಿ ಮುರಿಯುತ್ತದೆ, ಹಸಿದ ದನ ಕಟ್ಟಿಕೊಂಡವರನ್ನು ಅದಕ್ಕೆ ದೂರುವಂತಿಲ್ಲ.

ಬಿತ್ತಿದ ತಿಂಗಳಿಗೆ ಒಮ್ಮೆ ಕಸ ತೆಗೆದು, ನೆಲ ಹಸಿಯಿರುವಾಗ ಗುಂಟೆಗೆ 400 ಗ್ರಾಂ ಯೂರಿಯಾ ಕೊಟ್ಟರೆ ಸಾಕು. ಸ್ಟೈಲೋ ಹೆಚ್ಚಿದ್ದರೆ ಅದೂ ಬೇಡ. ಬಿತ್ತಿದ ಎರಡು ವಾರಕ್ಕೆ ಅಲ್ಲಲ್ಲಿ ಖಾಲಿ ಕಂಡರೆ ಉಳಿದ ಉಂಡೆಗಳನ್ನು ಪುನರ್ವಸು, ಪುಷ್ಯ ಮಳೆಯೊಳಗೆ ಹಾಕಿ ಮುಗಿಸಿ. ಅದಕ್ಕಿಂತ ತಡವಾದ ಸಸಿ ಬೇಸಿಗೆ ದಾಟುವಷ್ಟು ಬೇರು ಬಿಡುವುದಿಲ್ಲ. ಹುಲ್ಲು ತೆನೆ ಬಲಿತು ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಒಂದು ಗೇಣು ಬಿಟ್ಟು ಕೊಯ್ದು ಕೊಟ್ಟಿಗೆಗೆ ತನ್ನಿ. ಎರಡನೇ ವರ್ಷದಿಂದ ಹದವಾಗಿ ಮೇಯಿಸಬಹುದು. ಅಂಜನ್ ತೆನೆಗಳು ಒಮ್ಮೆಲೇ ಮಾಗುವುದಿಲ್ಲ. ಕೈಯಿಂದ ಸವರಿದರೆ ಸುಲಭವಾಗಿ ಬಿಟ್ಟುಕೊಳ್ಳುವ ಬೀಜವನ್ನು ಮಾತ್ರ ವಾರಕ್ಕೊಮ್ಮೆ ತೆಗೆದು, ಎರಡು ಮೂರು ದಿನ ಒಣಗಿಸಿ, ಅರಿವೆ ಚೀಲದಲ್ಲಿ ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಿ. ಮುಂದಿನ ಮಿರಗದ ಹೊತ್ತಿಗೆ ಅದರ ಸುಪ್ತಾವಸ್ಥೆ ಮುಗಿದಿರುತ್ತದೆ, ಗಾಯರಾಣದ ಮತ್ತೊಂದು ತುಂಡಿಗೆ ಬೀಜ ಕೊಳ್ಳಬೇಕಿಲ್ಲ.