ಜಕ್ಕೂರು ಕೆರೆಗೆ ಬೋರ್ಡ್ ಇಳಿಸುವ ಮೊದಲು

ಪ್ಯಾಡಲ್‌ಬೋರ್ಡ್ ತರಿಸಿಕೊಂಡಿದ್ದೀಯ, ಸಂತೋಷ ಕಣಪ್ಪ. ಮೊಬೈಲ್ ಹಿಡಿದು ಮೂಲೆ ಸೇರುವ ವಯಸ್ಸಿನಲ್ಲಿ ನೀರಿನ ಮೇಲೆ ನಿಲ್ಲುವ ಆಸೆ ಹುಟ್ಟಿದೆಯಲ್ಲ, ಅಷ್ಟೇ ಸಾಕು. ಆದರೆ ಭಾನುವಾರ ಬೆಳಿಗ್ಗೆ ಜಕ್ಕೂರು ಕೆರೆಗೆ ಇಳಿಸ್ತೀನಿ ಅಂದೆಯಂತೆ. ನನ್ನ ತಕರಾರು ಇರೋದು ಅಲ್ಲಿ.

ಜಕ್ಕೂರು ಕೆರೆ ಬೇಸಿಗೆಯಲ್ಲೂ ತುಂಬಿರೋದಕ್ಕೆ ಬರೀ ಮಳೆ ಕಾರಣವಲ್ಲ. ಮೇಲ್ಗಡೆ ಜಲಮಂಡಳಿಯ ಶುದ್ಧೀಕರಣ ಘಟಕವಿದೆ. ಅಲ್ಲಿ ಶುದ್ಧೀಕರಿಸಿ ಬಿಟ್ಟ ಕೊಳಚೆ ನೀರು ಜೊಂಡು ಬೆಳೆದ ಜೌಗಿನಲ್ಲಿ ಇನ್ನಷ್ಟು ಸೋಸಿಕೊಂಡು ಕೆರೆ ಸೇರುತ್ತೆ. ಮೀನಿಗೆ, ಹಕ್ಕಿಗೆ, ಸುತ್ತಲ ಬೋರ್‌ವೆಲ್‌ಗಳಿಗೆ ಅದು ಒಳ್ಳೆಯ ಏರ್ಪಾಡು. ಬಾಯಿಗೆ, ಕಣ್ಣಿಗೆ, ಕಾಲಿನ ಗಾಯಕ್ಕೆ ತಗಲಬೇಕಾದ ನೀರಲ್ಲ. ಹೊಸಬ ಬೀಳೋದು ಗ್ಯಾರಂಟಿ. ಬಿದ್ದರೆ ಒಂದು ಗುಟುಕು ಒಳಗೆ ಹೋಗೋದೂ ಗ್ಯಾರಂಟಿ. ಇಲಿಜ್ವರ ಹಿಡಿಯುವುದು ಇಂಥ ನೀರಿನಿಂದಲೇ.

ಅಲ್ಲಿ ತೆಪ್ಪ ಹಾಕಿಕೊಂಡು ಬಲೆ ಬಿಡುವವರ ಹೊಟ್ಟೆಪಾಡೂ ಇದೆ. ನಿನ್ನ ಬೋರ್ಡಿನ ಅಡಿಯ ರೆಕ್ಕೆ ಬಲೆಗೆ ಸಿಕ್ಕಿದರೆ ಹರಿಯುವುದು ಅವರ ಒಂದು ದಿನದ ದುಡಿಮೆ. ಚಳಿಗಾಲದಲ್ಲಿ ದೂರದಿಂದ ಬಾತುಗಳು ಬಂದಿಳಿಯುತ್ತವೆ, ಹೆಜ್ಜಾರ್ಲೆಗಳು ಸಾಲುಗಟ್ಟಿ ಮೀನು ಹಿಡಿಯುತ್ತವೆ. ಅವುಗಳ ನಡುವೆ ನೆಟ್ಟಗೆ ನಿಂತ ಮನುಷ್ಯ ನುಗ್ಗಿದರೆ ಹಿಂಡೇ ಎದ್ದು ಹೋಗುತ್ತೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನಂತೂ 2015ರಲ್ಲೇ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಅತ್ತ ತಲೆಯನ್ನೇ ಹಾಕಬೇಡ. ಹೆಬ್ಬಾಳ ಕೆರೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಎದ್ದ ಜಗಳ ಹೈಕೋರ್ಟ್‌ವರೆಗೂ ಹೋಗಿತ್ತು, ನೀನಾಗ ಚಿಕ್ಕವನು. ಕೆರೆ ಯಾರದು ಅನ್ನೋ ಪ್ರಶ್ನೆ ನಮ್ಮ ಕಡೆ ಹಗುರದ್ದಲ್ಲ. ಅನುಮತಿ ಇಲ್ಲದ ಕಡೆ ಇಳಿಯಬೇಡ, ಕಾವಲುಗಾರ ಕಣ್ಣು ಮುಚ್ಚಿಕೊಂಡರೂ.

ಇನ್ನು ಕೆರೆ ಅಂದರೆ ಈಜುಕೊಳವಲ್ಲ. ಹೂಳೆತ್ತುವಾಗ ಜೆಸಿಬಿ ಮಣ್ಣು ಬಗೆದ ಕಡೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದ ಆಗುತ್ತೆ. ಉಳಿದ ಕಡೆ ಕೆಸರು. ಬಿದ್ದಾಗ ಕಾಲೂರಿ ನಿಲ್ಲಲು ಹೋದರೆ ಹೂತುಕೊಳ್ಳುತ್ತೆ. ಜೋರು ಮಳೆಯಾದ ಮೇಲೆ ಕೋಡಿ ಹರಿಯುವ ಕಡೆ, ನೀರು ಬಿಟ್ಟಾಗ ತೂಬಿನ ಬಳಿ ಇರುವ ಸೆಳೆತ ದಡದಿಂದ ಕಾಣೋದೇ ಇಲ್ಲ.

ಕಲಿಯಬೇಕಾ? ಮೂಲ್ಕಿಗೆ ಹೋಗು. ಮಂತ್ರ ಸರ್ಫ್ ಕ್ಲಬ್ಬಿನವರು ಶಾಂಭವಿ ಹೊಳೆಯಲ್ಲಿ ಕಲಿಸುತ್ತಾರೆ. ಆ ಹೊಳೆ ಸಮುದ್ರ ಸೇರುವ ಸಸಿಹಿತ್ಲುವಿನಲ್ಲೇ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ನಡೆದದ್ದು. ಕರಾವಳಿ ದೂರವಾಯಿತು ಅಂದರೆ ಸಾಗರದ ಹತ್ತಿರ ಹೊನ್ನೆಮರಡು ಇದೆ, ಶರಾವತಿ ಹಿನ್ನೀರು. ಅಲ್ಲಿ ಕಯಾಕ್, ಹರಿಗೋಲು. ನೀರಿನ ಶಿಸ್ತು ಕಲಿಯಲು ಅದೂ ಸಾಕು.

ಲೈಫ್ ಜಾಕೆಟ್ ಮೈಮೇಲಿರಬೇಕು, ಬೋರ್ಡಿನ ಮುಂದೆ ಕಟ್ಟಿಡೋದಲ್ಲ. ಈಜು ಬರುತ್ತೆ ಅನ್ನೋ ಮಾತು ನನ್ನ ಹತ್ತಿರ ಬೇಡ. ನಿಂತ ನೀರಿನಲ್ಲಿ ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟು: ನೀನು ಬಿದ್ದ ಮರುಕ್ಷಣ ಗಾಳಿ ಬೋರ್ಡನ್ನು ತಳ್ಳಿಕೊಂಡು ಹೋದರೆ ಈಜಿ ಹಿಡಿಯೋಕಾಗಲ್ಲ. ಹರಿಯುವ ಹೊಳೆಯಲ್ಲಿ ಮಾತ್ರ ಅದೇ ಹಗ್ಗ ಬೇರಿಗೆ, ಕೊಂಬೆಗೆ ಸಿಕ್ಕಿ ಕೊಲ್ಲಬಹುದು. ಅಲ್ಲಿ ಸೊಂಟದ ಬೆಲ್ಟಿಗೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಕಟ್ಟಬೇಕು. ಈ ವ್ಯತ್ಯಾಸ ಹೇಳಿಕೊಡದ ಮೇಷ್ಟ್ರ ಹತ್ತಿರ ಕಲಿಯಬೇಡ.

ಹೊರಡುವಾಗ ಗಾಳಿಗೆ ಎದುರಾಗಿ ಹೋಗು, ಸುಸ್ತಾಗಿ ಬರುವಾಗ ಅದೇ ನಿನ್ನನ್ನು ದಡಕ್ಕೆ ತರುತ್ತೆ. ಗಾಳಿ ಜೋರಾದರೆ ಮಂಡಿಯೂರು, ಅದರಲ್ಲೇನೂ ನಾಚಿಕೆಯಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದ ಕೂಡಲೇ ದಡ ಸೇರು: ಬಯಲು ನೀರಿನಲ್ಲಿ ಎತ್ತರವಾಗಿ ನಿಂತಿರೋದು ನೀನೊಬ್ಬನೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಮೊದಲು ಬೋರ್ಡ್ ತೊಳೆದು ಒಣಗಿಸು. ಅಂಟಿಕೊಂಡ ಜಲಕಳೆಯ ಒಂದು ತುಂಡು ಇನ್ನೊಂದು ಕೆರೆಯನ್ನು ಮುಚ್ಚಲು ಸಾಕು.

ಮೊದಲ ದಿನ ನಿಲ್ಲೋಕೆ ಅವಸರ ಮಾಡಬೇಡ. ಬೇಕಂತಲೇ ಬಿದ್ದು ಮತ್ತೆ ಹತ್ತೋದು ಕಲಿ. ಮಧ್ಯದ ಹಿಡಿಕೆ ಹಿಡಿದು, ಕಾಲು ಬಡಿದು ಮೈಯನ್ನು ನೀರಿಗೆ ಸಮನಾಗಿ ತಂದು, ಹೊಟ್ಟೆಯ ಮೇಲೆ ಜಾರಿ ಮೇಲೇರಬೇಕು. ಕೈ ಸೋತಾಗಲೂ ಹಾಗೆ ಹತ್ತೋಕೆ ಬಂದರೆ ಆಮೇಲೆ ಎದ್ದು ನಿಲ್ಲು. ಯಶವಂತಪುರದಿಂದ ಮಂಗಳೂರಿಗೆ ರೈಲಿದೆ, ಅಲ್ಲಿಂದ ಮೂಲ್ಕಿಗೆ ಬಸ್ಸು ಬೇಕಾದಷ್ಟು. ಒಬ್ಬನೇ ಹೋಗಬೇಡ, ಸ್ನೇಹಿತನನ್ನು ಕರೆದುಕೋ. ಖರ್ಚಿಗೆ ನಿಮ್ಮಪ್ಪ ಗೊಣಗಿದರೆ ದೊಡ್ಡಪ್ಪನ ಹತ್ತಿರ ಬಾ.